ಔಲಿಯೋ ಸೋಲಂಗೋ: ಮೈಸೂರಿನಿಂದ ಸ್ಕೀಯಿಂಗ್‌ಗೆ ಹೊರಡುವವರು ತೀರ್ಮಾನಿಸುವ ಬಗೆ

ಮೈಸೂರು, ಮಂಡ್ಯಗಳಿಂದ ಮೊದಲ ಸಲ ಸ್ಕೀಯಿಂಗ್‌ಗೆಂದು ಹೊರಡುವವರು ಅಲ್ಲಿ ಇಲ್ಲಿ ವಿಚಾರಿಸಿ ಕೊನೆಗೆ ಬಂದು ನಿಲ್ಲುವುದು ಸಾಮಾನ್ಯವಾಗಿ ಎರಡು ಹೆಸರುಗಳ ಮುಂದೆ: ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿ, ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಸೋಲಂಗ್. ಕಾಶ್ಮೀರದ ಗುಲ್ಮಾರ್ಗ್ ಇವೆರಡಕ್ಕಿಂತ ಬಹಳ ದೊಡ್ಡದು; ಅಲ್ಲಿನ ಗೊಂಡೋಲಾ (ತಂತಿಯ ಮೇಲೆ ಸಾಗುವ ತೊಟ್ಟಿಲು) ಜನರನ್ನು 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆಯಾದ್ದರಿಂದ ಅದನ್ನು ಈ ಹೋಲಿಕೆಯಿಂದ ಹೊರಗಿಡುವುದೇ ಲೇಸು. ಔಲಿ, ಸೋಲಂಗ್ ಎರಡೂ ಚಿಕ್ಕ ತಾಣಗಳು, ಎರಡೂ ಹೊಸಬರಿಗೆ ಒಗ್ಗುವಂಥವು, ಫೋಟೋಗಳಲ್ಲಂತೂ ಯಾವುದು ಯಾವುದೆಂದು ಗುರುತು ಹಿಡಿಯುವುದೇ ಕಷ್ಟ. ಆದರೆ ತಲುಪಿದ ಮೇಲೆ ದಿನ ಕಳೆಯುವ ರೀತಿ ಎರಡರಲ್ಲೂ ಬೇರೆಬೇರೆಯಾಗಿದೆ. ಔಲಿಯಲ್ಲಿ ಇಳಿಜಾರಿನ ಪಕ್ಕದಲ್ಲಿಯೇ ಉಳಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ ಮಾಡಬಹುದು. ಸೋಲಂಗ್‌ಗೆ ಹೋಗುವವರಲ್ಲಿ ಹೆಚ್ಚಿನವರು ಮನಾಲಿಯಲ್ಲಿ ಕೊಠಡಿ ಹಿಡಿದು, ಬೆಳಿಗ್ಗೆ ಹೊರಟು, ಹಿಮದಲ್ಲಿ ಆಡಿ, ಒಂದಿಷ್ಟು ಸ್ಕೀಯಿಂಗ್ ಮಾಡಿ, ಬಿಸಿಲು ಇಳಿಯುವ ಮೊದಲೇ ಹಿಂತಿರುಗುತ್ತಾರೆ. ಹಾಗಾಗಿ, ಸಿಕ್ಕಿರುವ ರಜೆಯಲ್ಲಿ ನಿಜವಾಗಿ ಎಷ್ಟು ಗಂಟೆ ಸ್ಕೀ ಮೇಲೆ ನಿಲ್ಲಲು ಸಾಧ್ಯ, ನೀವು ಹಾಗೆ ನಿಂತಿರುವಾಗ ಜೊತೆಗೆ ಬಂದವರು ಏನು ಮಾಡುತ್ತಿರುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡರೆ ಆಯ್ಕೆ ಬಹುಮಟ್ಟಿಗೆ ಅಲ್ಲಿಯೇ ಮುಗಿಯುತ್ತದೆ.

ಮೊದಲು ರಜೆಯ ಲೆಕ್ಕ

ನಮ್ಮ ಕಡೆ ದೂರದ ಪ್ರವಾಸಗಳು ದಸರಾ ರಜೆಗೆ ಇಲ್ಲವೇ ಬೇಸಗೆ ರಜೆಗೆ ನಿಗದಿಯಾಗುತ್ತವೆ. ಸ್ಕೀಯಿಂಗ್‌ಗೆ ಈ ಎರಡು ಕಾಲಗಳೂ ಉಪಯೋಗಕ್ಕೆ ಬಾರವು. ಅಕ್ಟೋಬರಿನಲ್ಲಿ ಎರಡೂ ಕಡೆ ಹುಲ್ಲುಗಾವಲು ಇರುತ್ತದೆ. ಮೇ ತಿಂಗಳಿನಲ್ಲಿ ಸೋಲಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ನಡೆಯುತ್ತಿರುತ್ತದೆಯೇ ಹೊರತು, ಹಿಮ ನೋಡಬೇಕೆಂದರೆ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗದ ಕಡೆಗೆ ಏರಬೇಕಾಗುತ್ತದೆ. ನಂಬಿಕೊಂಡು ಹೋಗಬಹುದಾದ ಅವಧಿಯೆಂದರೆ ಜನವರಿಯ ನಡುವಿನಿಂದ ಫೆಬ್ರುವರಿಯ ಕೊನೆಯವರೆಗೆ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರದಲ್ಲಿ ಹಿಮ ಇರುತ್ತದೆಯೋ ಇಲ್ಲವೋ, ಜನಜಂಗುಳಿ ಮಾತ್ರ ಇದ್ದೇ ಇರುತ್ತದೆ; ಅದರಲ್ಲೂ 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ನಂತರ ಮನಾಲಿಯಿಂದ ಮೇಲಕ್ಕೆ ಹೋಗುವ ರಸ್ತೆಯಲ್ಲಿ ಆ ವಾರ ವಾಹನಗಳು ಗಂಟೆಗಟ್ಟಲೆ ನಿಲ್ಲುವುದು ಸಾಮಾನ್ಯವಾಗಿದೆ.

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಓದುವ ಮಕ್ಕಳಿದ್ದರೆ ಆ ವರ್ಷ ಈ ಪ್ರವಾಸವನ್ನು ಮುಂದಕ್ಕೆ ಹಾಕುವುದೇ ಸರಿ, ಏಕೆಂದರೆ ಒಳ್ಳೆಯ ಹಿಮ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳು ಒಂದೇ ಕಾಲಕ್ಕೆ ಬರುತ್ತವೆ. ಚಿಕ್ಕ ತರಗತಿಯ ಮಕ್ಕಳಿಗೆ ಸಂಕ್ರಾಂತಿ ಅಥವಾ ಗಣರಾಜ್ಯೋತ್ಸವದ ರಜೆಯ ಹಿಂದೆಮುಂದೆ ಕೆಲವು ದಿನ ಸೇರಿಸಿಕೊಳ್ಳಬಹುದು. ಮಂಡ್ಯದ ಬೇಸಾಯಗಾರರಿಗೆ ಈ ವಿಷಯದಲ್ಲಿ ಪಟ್ಟಣದ ನೌಕರರಿಗಿಂತ ಅನುಕೂಲ ಹೆಚ್ಚು: ಭತ್ತದ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆದರೆ ಒಂದಿಷ್ಟು ಬಿಡುವು ಸಿಗುತ್ತದೆ, ಕಬ್ಬಿನ ಕಟಾವಿನ ಸರದಿ ಮಾತ್ರ ಅದೇ ವಾರಕ್ಕೆ ಬೀಳದಂತೆ ನೋಡಿಕೊಂಡರೆ ಸಾಕು.

ಇನ್ನು ದಾರಿಗೆ ಹೋಗುವ ದಿನಗಳನ್ನು ಎಣಿಸಬೇಕು. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣದವರೆಗೆ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ನೇರವಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ಔಲಿಗೆ ಹೋಗುವವರು ಡೆಹ್ರಾಡೂನ್ ಅಥವಾ ದೆಹಲಿಯ ಮೂಲಕ ಹೃಷಿಕೇಶ ತಲುಪಿ ಆ ರಾತ್ರಿ ಅಲ್ಲಿ ತಂಗಬೇಕು. ಹೃಷಿಕೇಶದಿಂದ ಔಲಿಯ ಬುಡದ ಪಟ್ಟಣವಾದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ದೂರವಿದ್ದು, ಅಲಕನಂದೆಯ ದಂಡೆಗುಂಟ ಸಾಗುವ ಈ ರಸ್ತೆಗೆ ಇಡೀ ಹಗಲು ಬೇಕಾಗುತ್ತದೆ. ರಾತ್ರಿ ಹೊತ್ತು ಪ್ರಯಾಣ ಮಾಡುವ ದಾರಿ ಇದಲ್ಲವಾದ್ದರಿಂದ ಬಸ್ಸುಗಳೆಲ್ಲ ನಸುಕಿನಲ್ಲೇ ಹೊರಡುತ್ತವೆ. ಜೋಶಿಮಠದಲ್ಲಿ ಇನ್ನೊಂದು ರಾತ್ರಿ ಕಳೆದು ಮೂರನೆಯ ದಿನ ಬೆಳಿಗ್ಗೆ ಔಲಿಗೆ ಏರುವುದು ಕ್ರಮ. ಸೋಲಂಗ್‌ಗಾದರೆ ಮೊದಲ ದಿನ ದೆಹಲಿ ಅಥವಾ ಚಂಡೀಗಢಕ್ಕೆ ಹಾರಿ, ಸಂಜೆಯ ವೋಲ್ವೋ ಬಸ್ಸು ಹಿಡಿದರೆ ಮರುದಿನ ಮನಾಲಿಯಲ್ಲಿ ಇರಬಹುದು. ಮನಾಲಿಯಿಂದ ಸೋಲಂಗ್ 13–14 ಕಿ.ಮೀ. ಮಾತ್ರ. ಕುಲ್ಲು ಕಣಿವೆಯ ಭುಂತರ್‌ನಲ್ಲಿ ಚಿಕ್ಕ ವಿಮಾನ ನಿಲ್ದಾಣವಿದೆ, ಆದರೆ ಚಳಿಗಾಲದಲ್ಲಿ ಮೋಡ ಕವಿದರೆ ವಿಮಾನಗಳು ರದ್ದಾಗುತ್ತವೆ. ಅದನ್ನು ನೆಚ್ಚಿಕೊಂಡು ಮುಂದಿನ ಟಿಕೆಟ್ಟುಗಳನ್ನು ಕಾಯ್ದಿರಿಸುವುದು ಬೇಡ.

ಹೀಗೆ ಲೆಕ್ಕ ಹಾಕಿದರೆ ಔಲಿಗೆ ಹೋಗಿಬರಲು ಐದು ದಿನ, ಸೋಲಂಗ್‌ಗೆ ಮೂರರಿಂದ ನಾಲ್ಕು ದಿನ ದಾರಿಯಲ್ಲೇ ಕಳೆಯುತ್ತವೆ. ಒಂದು ವಾರದ ರಜೆ ಮಾತ್ರ ಇರುವವರು ಔಲಿಯ ಆಸೆಯನ್ನು ಬಿಟ್ಟುಬಿಡಬೇಕು. ಎರಡು ದಿನದ ಸ್ಕೀಯಿಂಗ್‌ಗಾಗಿ ಐದು ದಿನ ಬಸ್ಸಿನಲ್ಲಿ ಕುಳಿತುಕೊಳ್ಳುವುದರಲ್ಲಿ ಅರ್ಥವಿಲ್ಲ. ಹನ್ನೆರಡು ದಿನ ಹೊಂದಿಸಬಲ್ಲವರಿಗೆ ಪರಿಸ್ಥಿತಿ ತಿರುಗಿ ನಿಲ್ಲುತ್ತದೆ.

ಕಲಿಯುವುದು ಎಲ್ಲಿ ಸುಲಭ

ಔಲಿಯ ಇಳಿಜಾರುಗಳು ಸುಮಾರು 2,500 ಮೀಟರಿನಿಂದ 3,050 ಮೀಟರಿನವರೆಗೆ ಹರಡಿವೆ. ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಪರ್ವತಾರೋಹಣ ಮತ್ತು ಸ್ಕೀಯಿಂಗ್ ತರಬೇತಿ ಸಂಸ್ಥೆ ಇರುವುದೂ ಇಲ್ಲಿಯೇ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹಿಮಸ್ಪರ್ಧೆಗಳಿಗೂ ಇದೇ ಜಾಗ ಅಂಕಣವಾಗಿತ್ತು. ರಾಜ್ಯ ಸರ್ಕಾರದ ಗಢವಾಲ್ ಮಂಡಲ್ ವಿಕಾಸ್ ನಿಗಮ್ ಇಲ್ಲಿ 7 ದಿನ ಮತ್ತು 14 ದಿನಗಳ ಸ್ಕೀಯಿಂಗ್ ಕೋರ್ಸುಗಳನ್ನು ನಡೆಸುತ್ತದೆ. ವಸತಿ, ಊಟ, ಉಪಕರಣ, ತರಬೇತಿ ಎಲ್ಲವೂ ಒಂದೇ ಶುಲ್ಕದಲ್ಲಿ ಸೇರಿರುವುದು ಈ ಕೋರ್ಸುಗಳ ವಾಡಿಕೆ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನಾನು ಸೂಚಿಸಲಾರೆ. ಕೊಠಡಿಗಳು ಸಾಧಾರಣ, ಊಟ ಅನ್ನ, ಬೇಳೆ, ರೊಟ್ಟಿಗಳ ಸುತ್ತಲೇ ತಿರುಗುತ್ತದೆ. ಜಿಹ್ವಾಚಾಪಲ್ಯವಿರುವವರು ಒಂದು ಡಬ್ಬಿ ಪುಳಿಯೋಗರೆ ಗೊಜ್ಜು, ಒಂದಿಷ್ಟು ಚಟ್ನಿಪುಡಿ ಕಟ್ಟಿಕೊಂಡು ಹೋಗಬಹುದು.

ಏಳು ದಿನ ಏಕೆ ಬೇಕು ಎಂದು ಅನುಮಾನಪಡುವವರು ಕಲಿಕೆಯ ಕ್ರಮವನ್ನು ಗಮನಿಸಬೇಕು. ಮೊದಲ ದಿನ ಸಮತಟ್ಟಾದ ಹಿಮದ ಮೇಲೆ ಬೂಟು ತೊಟ್ಟು ನಡೆಯುವುದು, ಪಕ್ಕಕ್ಕೆ ಹೆಜ್ಜೆಯಿಟ್ಟು ಏರುವುದು, ಬೀಳುವುದು, ಬಿದ್ದಲ್ಲಿಂದ ಏಳುವುದು, ಇಷ್ಟರಲ್ಲೇ ಮುಗಿದುಹೋಗುತ್ತದೆ. ಅನಂತರ ಕಲಿಸುವುದು ಸ್ನೋ ಪ್ಲೌ: ಸ್ಕೀಗಳ ಮುಂತುದಿಗಳನ್ನು ಒಂದರ ಹತ್ತಿರ ಒಂದು ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳು ಹಿಮವನ್ನು ಕೆರೆಯುವಂತೆ ಮೊಣಕಾಲು ಬಗ್ಗಿಸಿ ವೇಗ ತಗ್ಗಿಸುವ ವಿದ್ಯೆ. ಇದು ಕೈಹಿಡಿದ ಮೇಲೆ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ತಿರುಗುವುದನ್ನು ಹೇಳಿಕೊಡುತ್ತಾರೆ. ಎಡಗಾಲಿನ ಮೇಲೆ ಭಾರ ಹಾಕಿದರೆ ಬಲಕ್ಕೆ ತಿರುಗುತ್ತೇವೆ ಎಂಬುದು ತಲೆಗೆ ಬೇಗ ಹತ್ತುತ್ತದೆ, ಕಾಲಿಗೆ ಹತ್ತಲು ಮೂರು-ನಾಲ್ಕು ದಿನ ಹಿಡಿಯುತ್ತದೆ. ಅಷ್ಟರಲ್ಲಿ ರಜೆ ಮುಗಿದು ಹೊರಟವರು ನಿಜವಾದ ಸುಖ ಶುರುವಾಗುವ ಹಂತದಲ್ಲಿಯೇ ಎದ್ದು ಬಂದಂತಾಗುತ್ತದೆ.

ಸೋಲಂಗ್‌ನಲ್ಲಿ ಕಲಿಯಲು ಆಗುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯು ಚಳಿಗಾಲದಲ್ಲಿ ಸೋಲಂಗ್‌ನಲ್ಲಿಯೇ ಶಿಸ್ತುಬದ್ಧವಾದ ವಸತಿಸಹಿತ ಸ್ಕೀ ಕೋರ್ಸುಗಳನ್ನು ನಡೆಸುತ್ತದೆ. ಕಾಲೇಜು ವಯಸ್ಸಿನ ಮಕ್ಕಳಿಗೆ ಅದು ಬಹಳ ಒಳ್ಳೆಯದು, ಆದರೆ ಕುಟುಂಬ ಸಮೇತ ರಜೆ ಕಳೆಯಲು ಹೋಗುವವರಿಗೆ ಹೇಳಿದ್ದಲ್ಲ. ಪ್ರವಾಸಿಗಳಿಗೆ ಸಿಗುವುದು ಹೆಚ್ಚಾಗಿ ಖಾಸಗಿ ತರಬೇತುದಾರರು, ಗಂಟೆಯ ಲೆಕ್ಕದಲ್ಲಿ ಅಥವಾ ದಿನದ ಲೆಕ್ಕದಲ್ಲಿ. ಇವರಲ್ಲಿ ನುರಿತವರಿದ್ದಾರೆ, ಹಾಗೆಯೇ ಸ್ಕೀ ಕಟ್ಟಿ, ಎರಡು ಸಲ ಕೈಹಿಡಿದು ಜಾರಿಸಿ, ಫೋಟೋ ತೆಗೆದು ಕಳುಹಿಸುವವರೂ ಇದ್ದಾರೆ. ಇನ್ನೊಂದು ತೊಡಕೆಂದರೆ ಲಿಫ್ಟು. ಸೋಲಂಗ್‌ನ ರೋಪ್‌ವೇ 3,000 ಮೀಟರಿಗೂ ಮೇಲಿನ ಫಾತ್ರು ಎಂಬಲ್ಲಿಗೆ ಒಯ್ಯುತ್ತದೆ, ಅಲ್ಲಿಂದ ಸ್ಕೀ ಮೇಲೆ ಇಳಿಯುವುದು ಹೊಸಬರ ಕೆಲಸವಲ್ಲ. ಕೆಳಗಿನ ಮೈದಾನದಲ್ಲಿ ಕಲಿಯುವವರು ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ದಿಬ್ಬ ಹತ್ತಿ, ಕ್ಷಣಮಾತ್ರದಲ್ಲಿ ಜಾರಿ, ಮತ್ತೆ ಹತ್ತಬೇಕಾಗುತ್ತದೆ. ಔಲಿಯಲ್ಲಿ ಚೇರ್‌ಲಿಫ್ಟ್ ಮತ್ತು ಸ್ಕೀ ಲಿಫ್ಟ್‌ಗಳಿವೆ. ಅವು ಓಡುತ್ತಿದ್ದರೆ ಅದೇ ಒಂದು ಗಂಟೆಯಲ್ಲಿ ಸಿಗುವ ಅಭ್ಯಾಸ ಹಲವು ಪಟ್ಟು ಹೆಚ್ಚುತ್ತದೆ. ಓಡುತ್ತಿದ್ದರೆ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ: ಹೊರಡುವ ವಾರದಲ್ಲಿ ಫೋನು ಮಾಡಿ ಕೇಳಿಯೇ ತೀರಬೇಕಾದ ವಿಷಯವಿದು.

ಜೋಶಿಮಠದಿಂದ ಔಲಿಗೆ ಏರುವ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕು ಬಿಟ್ಟಾಗ ಈ ರೋಪ್‌ವೇಯನ್ನು ನಿಲ್ಲಿಸಲಾಯಿತು. ಹಳೆಯ ಪ್ರವಾಸ ಲೇಖನಗಳಲ್ಲಿ ಅದರ ವರ್ಣನೆ ಇನ್ನೂ ಓಡಾಡುತ್ತಿದೆ. ಅದನ್ನು ನಂಬದೆ ರಸ್ತೆಯ ಲೆಕ್ಕದಲ್ಲೇ ಯೋಜನೆ ಹಾಕಿಕೊಳ್ಳಿ. ಹಿಮ ಬಿದ್ದ ಮರುದಿನ ಆ ರಸ್ತೆಯ ಮೇಲ್ಭಾಗದಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿದ ಸ್ಥಳೀಯ ಜೀಪುಗಳಲ್ಲದೆ ಬೇರೆ ವಾಹನ ಏರುವುದು ಕಷ್ಟ, ಬಯಲುಸೀಮೆಯ ಚಾಲಕರು ಪ್ರಯತ್ನಿಸಲೇಬಾರದು.

ಹಿಮದ ಜೂಜು

ಈ ಎರಡೂ ತಾಣಗಳಿಗೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಪ್ರಕ್ಷುಬ್ಧ ಮಾರುತಗಳು. ಅವು ಬಂದರೆ ಒಂದೆರಡು ದಿನ ಹಿಮ ಸುರಿದು, ಆಮೇಲೆ ಕೆಲವು ದಿನ ಆಕಾಶ ತಿಳಿಯಾಗುತ್ತದೆ. ಬಾರದಿದ್ದರೆ ಮೂರು ವಾರವಾದರೂ ನೆಲ ಕಾಣುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಹಿಮ ಸಾಲದೆ ಔಲಿಯ ರಾಷ್ಟ್ರೀಯ ಮಟ್ಟದ ಸ್ಪರ್ಧೆಗಳನ್ನೇ ಮುಂದೂಡಿದ, ರದ್ದುಪಡಿಸಿದ ಉದಾಹರಣೆಗಳಿವೆ. ಅಲ್ಲಿ ಕೃತಕ ಹಿಮದ ಯಂತ್ರಗಳನ್ನೂ ಅವುಗಳಿಗೆ ನೀರು ಒದಗಿಸಲು ಒಂದು ಕೊಳವನ್ನೂ ಮಾಡಿದ್ದಾರೆ, ಆದರೆ ಅಂಥ ಯಂತ್ರಗಳು ಕೆಲಸ ಮಾಡಲು ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿದಿರಬೇಕು.

ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಔಲಿಯ ಮೇಲ್ಭಾಗವು ಸೋಲಂಗ್‌ನ ಮೈದಾನಕ್ಕಿಂತ ಸುಮಾರು 500 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಮೂರು ಡಿಗ್ರಿಯಷ್ಟು ಚಳಿ ಹೆಚ್ಚು, ಬಿದ್ದ ಹಿಮವೂ ಅಷ್ಟರಮಟ್ಟಿಗೆ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಹಿಮವೇ ಬೀಳದಿದ್ದಾಗ ಸೋಲಂಗ್ ಕಡೆಗೆ ಹೋದವರಿಗೆ ಬದಲಿ ದಾರಿಗಳಿರುತ್ತವೆ. 9 ಕಿ.ಮೀ. ಉದ್ದದ ಅಟಲ್ ಸುರಂಗದ ದಕ್ಷಿಣ ಬಾಯಿ 3,000 ಮೀಟರಿಗೂ ಮೇಲಿದೆ. ಅದನ್ನು ದಾಟಿದರೆ ಲಾಹೌಲ್‌ನ ಸಿಸ್ಸು. ಇನ್ನೊಂದು ದಿಕ್ಕಿನಲ್ಲಿ ಹಮ್ಟಾ ಹಾದಿಯ ಸೇಥನ್ ಎಂಬ ಹಳ್ಳಿಯಿದೆ. ಸೋಲಂಗ್ ಬರಿದಾದ ದಿನ ತರಬೇತುದಾರರೇ ತಮ್ಮ ಶಿಷ್ಯರನ್ನು ಇಂಥ ಕಡೆಗೆ ಕರೆದೊಯ್ಯುತ್ತಾರೆ. ಔಲಿಯಲ್ಲಿ ಹಿಮವಿಲ್ಲದಿದ್ದರೆ ಎತ್ತರದ ಹುಲ್ಲುಗಾವಲಾದ ಗೋರ್ಸೋನ್ ಬುಗ್ಯಾಲ್‌ವರೆಗೆ ನಡೆದು ನಂದಾದೇವಿಯನ್ನು ನೋಡಿಕೊಂಡು ಬರಬೇಕಷ್ಟೆ. 7,816 ಮೀಟರಿನ ಆ ಶಿಖರದ ದರ್ಶನ ಸಾಮಾನ್ಯದ್ದೇನಲ್ಲ, ಆದರೂ ಸ್ಕೀಯಿಂಗ್‌ಗೆಂದು ಹಣ ಕಟ್ಟಿದವರಿಗೆ ಅದರಿಂದ ಸಮಾಧಾನವಾದೀತೆಂದು ಹೇಳುವುದು ಕಷ್ಟ.

ಜೊತೆಗೆ ಬರುವವರು

ಇಬ್ಬರೇ ಹೊರಡುವ ದಂಪತಿಗೂ ಅಜ್ಜಿ-ತಾತಂದಿರಿಂದ ಮೊಮ್ಮಕ್ಕಳವರೆಗೆ ಎಂಟು ಜನರ ಕುಟುಂಬಕ್ಕೂ ಒಂದೇ ಸಲಹೆ ಹೊಂದುವುದಿಲ್ಲ. ನಮ್ಮ ಚಾಮುಂಡಿ ಬೆಟ್ಟದ ತುದಿಯೇ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್; ಔಲಿಯಲ್ಲಿ ರಾತ್ರಿ ಮಲಗುವುದು ಅದರ ಸುಮಾರು ಎರಡೂವರೆ ಪಟ್ಟು ಎತ್ತರದಲ್ಲಿ. 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಕಾಣಿಸಿಕೊಳ್ಳುತ್ತದೆ. 1,900 ಮೀಟರಿನ ಆಸುಪಾಸಿನಲ್ಲಿರುವ ಜೋಶಿಮಠದಲ್ಲಿ ಒಂದು ರಾತ್ರಿ ಕಳೆಯಿರಿ ಎಂದು ಹೇಳುವುದು ಇದಕ್ಕಾಗಿಯೇ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. ಹಗಲು ಸೋಲಂಗ್‌ಗೆ ಹೋದರೂ ರಾತ್ರಿ ಕೆಳಗಿಳಿದು ಮಲಗುವುದರಿಂದ ಹೃದಯದ ತೊಂದರೆ, ರಕ್ತದೊತ್ತಡ, ಉಬ್ಬಸ ಇರುವ ಹಿರಿಯರಿಗೆ ಅದೇ ಕ್ಷೇಮ. ಹೊರಡುವ ಮೊದಲು ವೈದ್ಯರನ್ನು ಕೇಳುವುದನ್ನಂತೂ ಬಿಡಬಾರದು. ಆಸ್ಪತ್ರೆಯ ವಿಷಯದಲ್ಲಿಯೂ ಮನಾಲಿ, ಕುಲ್ಲುಗಳಲ್ಲಿ ಒಂದಿಷ್ಟು ಅನುಕೂಲವಿದೆ. ಔಲಿಯಿಂದ ದೊಡ್ಡ ಆಸ್ಪತ್ರೆಯೆಂದರೆ ಹೃಷಿಕೇಶದ ಏಮ್ಸ್, ಅಂದರೆ ಬಂದ ದಾರಿಯಷ್ಟನ್ನೂ ಹಿಂದಕ್ಕೆ ಹೋಗಬೇಕು.

ಮಕ್ಕಳಿಗೆ ಸೋಲಂಗ್‌ನಲ್ಲಿ ಹೊತ್ತು ಹೋಗುತ್ತದೆ: ಹಿಮದ ಗೊಂಬೆ, ಜಾರುವ ಟ್ಯೂಬು, ರೋಪ್‌ವೇ ಸವಾರಿ. ಹಿರಿಯರಿಗೆ ಹಿಡಿಂಬಾ ದೇವಸ್ಥಾನ, ವಸಿಷ್ಠದ ಬಿಸಿನೀರಿನ ಬುಗ್ಗೆಗಳಿವೆ. ಔಲಿಯ ಬಳಿ ಬದರಿನಾಥ ಇದೆಯಲ್ಲ ಎಂದು ಮನೆಯ ಹಿರಿಯರು ಖಂಡಿತ ಕೇಳುತ್ತಾರೆ. ಚಳಿಗಾಲದಲ್ಲಿ ಬದರಿಯ ಬಾಗಿಲು ಮುಚ್ಚಿರುತ್ತದೆ. ಅದರ ಬದಲು ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಹೋಗಬಹುದು, ಶೃಂಗೇರಿಯಂತೆಯೇ ಶಂಕರಾಚಾರ್ಯರ ನಾಲ್ಕು ಆಮ್ನಾಯ ಪೀಠಗಳಲ್ಲಿ ಒಂದಾದ ಜ್ಯೋತಿರ್ಮಠವನ್ನೂ ನೋಡಬಹುದು. ದಾರಿಯಲ್ಲಿ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳು ಸಿಗುತ್ತವೆ. ಆದರೂ ಇಷ್ಟಕ್ಕಾಗಿ ಎಪ್ಪತ್ತು ದಾಟಿದವರನ್ನು ಜನವರಿಯ ಚಳಿಯಲ್ಲಿ ಅಷ್ಟು ದೂರ ಕರೆದೊಯ್ಯುವುದು ನನಗೆ ಸರಿಕಾಣದು. ಕುಟುಂಬದಲ್ಲಿ ಒಬ್ಬಿಬ್ಬರಿಗೆ ಮಾತ್ರ ಸ್ಕೀಯಿಂಗ್ ಹುಚ್ಚಿದ್ದರೆ ಅವರು ಔಲಿಗೆ ಬೇರೆಯಾಗಿ ಹೋಗಿಬರಲಿ, ಎಲ್ಲರೂ ಕೂಡಿ ಹೋಗುವುದಾದರೆ ಸೋಲಂಗ್ ಆಗಲಿ ಎಂಬುದು ನನ್ನ ಅಭಿಪ್ರಾಯ.

ಹಣ ಕಟ್ಟುವ ಮೊದಲು, ಸ್ಕೀ ತೊಡುವ ಮೊದಲು

ಫೋನಿನಲ್ಲಿ ಹಿಮ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಹೊಸಬರು ಕಲಿಯುವ ಕೆಳಗಿನ ಇಳಿಜಾರಿನಲ್ಲಿ ಇವತ್ತು ಹಿಮ ಎಷ್ಟಿದೆ, ಅದರ ವಿಡಿಯೋ ಕಳುಹಿಸಬಹುದೇ ಎಂದು ಕೇಳಿ. ಒಬ್ಬ ತರಬೇತುದಾರರಿಗೆ ಎಷ್ಟು ಜನ ಶಿಷ್ಯರು, ದಿನಕ್ಕೆ ಎಷ್ಟು ಗಂಟೆ ಪಾಠ, ಮಕ್ಕಳ ಅಳತೆಯ ಬೂಟುಗಳಿವೆಯೇ, ಕೊಠಡಿಯಲ್ಲಿ ಹೀಟರ್ ಇದ್ದರೆ ಅದಕ್ಕೆ ಪ್ರತ್ಯೇಕ ಹಣವೇ, ಹಿಮ ಬೀಳದಿದ್ದರೆ ಅಥವಾ ರಸ್ತೆ ಮುಚ್ಚಿದರೆ ಮುಂಗಡ ವಾಪಸು ಬರುತ್ತದೆಯೇ ಎಂಬುದನ್ನೆಲ್ಲ ಬರವಣಿಗೆಯಲ್ಲಿ ತರಿಸಿಕೊಳ್ಳುವುದು ಒಳ್ಳೆಯದು. ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದೂ ನೋಡಿಕೊಳ್ಳಿ.

ಮನಾಲಿಯಿಂದ ಸೋಲಂಗ್‌ಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಅಂಗಿ-ಪ್ಯಾಂಟು ಒಂದಾದ ಹಿಮದುಡುಪು, ಗಮ್ ಬೂಟುಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಸಾಲಾಗಿವೆ, ಪ್ರತಿಯೊಂದಕ್ಕೂ ದೊಡ್ಡದಾಗಿ ನಂಬರು ಬರೆದಿರುತ್ತದೆ. ಟ್ಯಾಕ್ಸಿ ಚಾಲಕ ತನಗೆ ಗೊತ್ತಿರುವ ನಂಬರಿನ ಮುಂದೆಯೇ ನಿಲ್ಲಿಸುತ್ತಾನೆ. ಅಲ್ಲಿಯೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವೇನೂ ಇಲ್ಲ. ಮೈಸೂರಿನಿಂದಲೇ ಥರ್ಮಲ್ ಒಳಉಡುಪು, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಹೊರಗೆ ನೀರು ಇಳಿಯದ ಜಾಕೆಟ್ಟು-ಪ್ಯಾಂಟು, ನೀರು ಇಳಿಯದ ಕೈಗವಸು ತೆಗೆದುಕೊಂಡು ಹೋದವರಿಗೆ ಆ ಬಾಡಿಗೆ ಉಡುಪಿನ ಅಗತ್ಯವೇ ಬೀಳದು. ಹತ್ತಿಯ ಬಟ್ಟೆ ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲವಾದ್ದರಿಂದ ಮೈಗೆ ತಗಲುವಂತೆ ಅದನ್ನು ತೊಡಬಾರದು. ಹಿಮ ಅತಿನೇರಳೆ ಕಿರಣಗಳ ಬಹುಪಾಲನ್ನು ಮುಖಕ್ಕೇ ತಿರುಗಿಸುತ್ತದೆ. ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಮರೆತರೆ ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ.

ಸ್ಕೀ ಬೂಟನ್ನು ಆರಿಸುವಾಗ ಅವಸರ ಬೇಡ, ಏಕೆಂದರೆ ಇಡೀ ದಿನ ಕೆಡುವುದು ಇದರಿಂದಲೇ. ಒಂದೇ ಒಂದು ಕಾಲುಚೀಲ ತೊಟ್ಟು, ಬೂಟಿನೊಳಗೆ ಕಾಲಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ಲುಗಳನ್ನು ಹಾಕಬೇಕು. ನೆಟ್ಟಗೆ ನಿಂತಾಗ ಬೆರಳುಗಳು ಮುಂದಿನ ಗೋಡೆಗೆ ತುಸು ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಆಗ ಹಿಮ್ಮಡಿ ಮೇಲೇಳಬಾರದು. ಹಿಮ್ಮಡಿ ಎದ್ದರೆ ಬೂಟು ದೊಡ್ಡದಾಯಿತು. ದೊಡ್ಡದಿದ್ದರೆ ಎರಡು ಕಾಲುಚೀಲ ಹಾಕಿಕೊಳ್ಳಿ ಎಂದು ಅಂಗಡಿಯವರು ಹೇಳಿದರೆ ಒಪ್ಪದೆ ಇನ್ನೊಂದು ಜೊತೆ ಕೇಳಿ. ಹೊಸಬರಿಗೆ ಗದ್ದದಿಂದ ಮೂಗಿನವರೆಗೆ ಬರುವ ಉದ್ದದ ಸ್ಕೀ ಸಾಕು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು; ಅದರ ಬಿಗಿಯನ್ನು ತೊಡುವವರ ತೂಕ, ಎತ್ತರ, ಅನುಭವ ನೋಡಿ ಹೊಂದಿಸುತ್ತಾರೆ. ನಿಮ್ಮ ತೂಕವನ್ನು ಕೇಳದೆಯೇ ಸ್ಕೀ ಕೈಗಿತ್ತರೆ ನೀವಾಗಿಯೇ ಹೇಳಿ, ಕಣ್ಣೆದುರಿಗೇ ಹೊಂದಿಸಿಕೊಡಲು ಕೇಳಿ. ಮೊಣಕಾಲಿನ ಅಸ್ಥಿರಜ್ಜು (ಲಿಗಮೆಂಟ್) ಹರಿಯುವ ಅಪಾಯ ಬೈಂಡಿಂಗ್ ಬಿಚ್ಚಿಕೊಳ್ಳದೆ ಹೋದಾಗ ಹೆಚ್ಚು.

ಹೊರಡುವುದಕ್ಕೆ ಆರು ವಾರ ಮೊದಲೇ ತೊಡೆಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ, ಶ್ರೀರಂಗಪಟ್ಟಣದ ಕಡೆಯವರಿಗೆ ಕರಿಘಟ್ಟವಿದೆ, ಪಾಂಡವಪುರದವರಿಗೆ ಕುಂತಿಬೆಟ್ಟವಿದೆ. ಹತ್ತುವುದು ಉಸಿರಿಗೆ ಒಳ್ಳೆಯದು, ಆದರೆ ಸ್ಕೀಯಿಂಗ್‌ಗೆ ಬೇಕಾದ ಸ್ನಾಯುಗಳು ಗಟ್ಟಿಯಾಗುವುದು ಇಳಿಯುವಾಗ. ಹಾಗಾಗಿ ಹತ್ತಿಕೊಂಡು ಹೋಗಿ ಬಸ್ಸಿನಲ್ಲಿ ಇಳಿದು ಬರುವ ಅಭ್ಯಾಸವನ್ನು ಈ ಆರು ವಾರ ಕೈಬಿಡಿ.

ಟಿಕೆಟ್ಟುಗಳ ವಿಷಯದಲ್ಲಿ ಕೊನೆಯದಾಗಿ ಗಮನಿಸಬೇಕಾದದ್ದು ಹಿಂತಿರುಗುವ ದಿನ. ಭಾರಿ ಹಿಮ ಬಿದ್ದರೆ ಮನಾಲಿಯ ಮೇಲಿನ ರಸ್ತೆಯಲ್ಲಿ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ವಾಹನಗಳನ್ನು ಮಾತ್ರ ಬಿಡುತ್ತಾರೆ. ಜೋಶಿಮಠದ ರಸ್ತೆ ಗುಡ್ಡ ಜರಿದು ಅರ್ಧ ದಿನ ನಿಂತುಹೋಗುವುದುಂಟು. ದೆಹಲಿಯ ಮಂಜಿನಲ್ಲಿ ಜನವರಿಯ ಬೆಳಗಿನ ವಿಮಾನಗಳು ತಡವಾಗುವುದಂತೂ ಗೊತ್ತಿದ್ದದ್ದೇ. ಆದ್ದರಿಂದ ಬೆಟ್ಟದಿಂದ ಇಳಿಯುವ ದಿನಕ್ಕೂ ವಿಮಾನ ಹತ್ತುವ ದಿನಕ್ಕೂ ನಡುವೆ ಒಂದು ದಿನ ಖಾಲಿ ಬಿಟ್ಟು, ವಿಮಾನವನ್ನು ಮಧ್ಯಾಹ್ನದ ಮೇಲೆ ಕಾಯ್ದಿರಿಸಿ. ಔಲಿಗೆ ಹೋದವರು ಆ ದಿನವನ್ನು ಹೃಷಿಕೇಶದಲ್ಲಿ, ಮನಾಲಿಗೆ ಹೋದವರು ಚಂಡೀಗಢದಲ್ಲಿ ಕಳೆಯಬಹುದು.